ಬಾಟಲಿಯಲ್ಲಿ ಹಿಡಿದ ಗಾಳಿ: ಕಾರ್ಬನ್ ಮಾನಾಕ್ಸೈಡ್ ಲೆಕ್ಕದ ಕಥೆ

ಗಾಡಿಗೆ ಎಮಿಷನ್ ಟೆಸ್ಟ್ ಮಾಡಿಸಿದಾಗ ಕೊಡುವ ಚೀಟಿಯಲ್ಲಿ ‘ಸಿಒ’ ಅಂತ ಒಂದು ಸಾಲು ಇರುತ್ತೆ, ನೋಡಿರ್ತೀರಿ. ಅದೇ ಕಾರ್ಬನ್ ಮಾನಾಕ್ಸೈಡ್. ಹೊಗೆಕೊಳವೆಯಲ್ಲಿ ಅದನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ಇವತ್ತಿನ ಕಂತು ಅದೇ ಅನಿಲದ ಬಗ್ಗೆ, ಆದರೆ ಗಾಡಿಯೇ ಇಲ್ಲದ ಜಾಗದಲ್ಲಿ. ಸಮುದ್ರದಂಚಿನ ಬಂಡೆಯ ಮೇಲೆ ನಿಂತು ಗಾಳಿ ಹಿಡಿದರೆ ಅದರಲ್ಲಿ ಇದು ಎಷ್ಟಿರುತ್ತೆ? ಅಲ್ಲಿ ಲೆಕ್ಕ ಪಿಪಿಬಿಯಲ್ಲಿ, ಅಂದರೆ ನೂರು ಕೋಟಿ ಅಣುಗಳಲ್ಲಿ ಎಷ್ಟು ಅಂತ. ಉತ್ತರ ಗೋಳಾರ್ಧದ ಸ್ವಚ್ಛ ಗಾಳಿಯಲ್ಲಿ ನೂರು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಐವತ್ತು-ಅರವತ್ತು. ಇಷ್ಟು ಚಿಕ್ಕ ಸಂಖ್ಯೆ ಏರ್ತಿದೆಯಾ ಇಳೀತಿದೆಯಾ ಅನ್ನೋದನ್ನು ಖಚಿತ ಮಾಡಿಕೊಳ್ಳಲು ವಿಜ್ಞಾನಿಗಳು ದಶಕಗಳ ಕಾಲ ಒದ್ದಾಡಿದ್ದಾರೆ.

ಕಾರ್ಖಾನೆ, ಕಾರುಗಳಿಂದ ದೂರದ ಗಾಳಿಯಲ್ಲೂ ಇದು ಇದೆ ಅಂತ ಗೊತ್ತಾಗಿದ್ದು ಬಾಟಲಿಯಿಂದ ಅಲ್ಲ, ಸೂರ್ಯನ ಬೆಳಕಿನಿಂದ. 1949ರಲ್ಲಿ ಬೆಲ್ಜಿಯಂನ ಖಗೋಳ ವಿಜ್ಞಾನಿ ಮಾರ್ಸೆಲ್ ಮಿಜೊಟ್ ಅಮೆರಿಕದ ಒಹಾಯೊದಲ್ಲಿ ಸೂರ್ಯನ ಅವಕೆಂಪು ರೋಹಿತ ನೋಡುತ್ತಿದ್ದಾಗ ಈ ಅನಿಲದ ಗೆರೆಗಳನ್ನು ಗುರುತಿಸಿದರು. ಸರಿ, ಇದೆ. ಎಷ್ಟು ದಿನ ಇರುತ್ತೆ? ಕಾರುಗಳು ಪ್ರತಿ ವರ್ಷ ಇಷ್ಟೊಂದು ಉಗುಳ್ತಾ ಇರಬೇಕಾದರೆ ಅದೆಲ್ಲ ಎಲ್ಲಿಗೆ ಹೋಗ್ತಿದೆ?

ಇದಕ್ಕೆ ಸುಳಿವು ಕೊಟ್ಟವರು ಫೋರ್ಡ್ ಕಾರು ಕಂಪನಿಯ ವಿಜ್ಞಾನಿ ಬರ್ನಾರ್ಡ್ ವೈನ್‌ಸ್ಟಾಕ್, 1969ರಲ್ಲಿ. ನಾನು ಬಿಕಾಂ ಓದಿದವಳು, ಹಾಗಾಗಿ ಅವರ ವಿಧಾನ ನನಗೆ ತಕ್ಷಣ ಹಿಡಿಸಿತು. ಅದು ನೇರವಾಗಿ ಸ್ಟಾಕ್ ಟರ್ನೋವರ್ ಲೆಕ್ಕ! ಕಾಸ್ಮಿಕ್ ಕಿರಣಗಳಿಂದ ಗಾಳಿಯಲ್ಲಿ ವರ್ಷಕ್ಕೆ ಎಷ್ಟು ವಿಕಿರಣಶೀಲ ಕಾರ್ಬನ್ ಹುಟ್ಟುತ್ತದೆ ಅನ್ನೋದರ ಅಂದಾಜು ಆಗಲೇ ಇತ್ತು. ಅದರ ಬಹುಪಾಲು ಮೊದಲು ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಗೋದಾಮಿನಲ್ಲಿರುವ ಸರಕನ್ನು ವರ್ಷಕ್ಕೆ ಬರುವ ಸರಕಿನಿಂದ ಭಾಗಿಸಿದರೆ ಒಂದು ಮೂಟೆ ಎಷ್ಟು ದಿನ ಒಳಗಿರುತ್ತೆ ಅಂತ ತಿಳಿಯುತ್ತಲ್ಲ, ಹಾಗೆ. ಉತ್ತರ ಬಂದಿದ್ದು 0.1 ವರ್ಷ, ಹೆಚ್ಚು ಕಡಿಮೆ ಒಂದು ತಿಂಗಳು. ಈಗ ನಾವು ಒಪ್ಪುವ ಸರಾಸರಿ ಎರಡು ತಿಂಗಳ ಆಸುಪಾಸು.

ಹಾಗಾದರೆ ಗೋದಾಮು ಖಾಲಿ ಮಾಡ್ತಿರೋದು ಯಾರು? 1971ರಲ್ಲಿ ಹೈರಂ ಲೆವಿ ಉತ್ತರ ಕೊಟ್ಟರು. ಬಿಸಿಲು, ಓಜೋನ್, ನೀರಾವಿ ಸೇರಿ ನೆಲದ ಹತ್ತಿರದ ಗಾಳಿಯಲ್ಲೇ ಹೈಡ್ರಾಕ್ಸಿಲ್ ಅನ್ನುವ ಕಣ ತಯಾರಾಗುತ್ತೆ. ಹುಟ್ಟಿದ ಸೆಕೆಂಡಿನೊಳಗೆ ಯಾವುದಾದರೂ ಅನಿಲವನ್ನು ಸುಟ್ಟು ತಾನೂ ಮುಗಿದುಹೋಗುತ್ತೆ. ಮೀಥೇನನ್ನೂ ಗಾಳಿಯಿಂದ ತೆಗೆಯೋದು ಮುಖ್ಯವಾಗಿ ಇದೇ. ಭಯ ಶುರುವಾಗಿದ್ದು ಇಲ್ಲಿಂದ. ಕಾರ್ಬನ್ ಮಾನಾಕ್ಸೈಡ್ ಏರುತ್ತಾ ಹೋದರೆ ಹೈಡ್ರಾಕ್ಸಿಲ್ ಎಲ್ಲ ಅದನ್ನು ಸುಡೋದರಲ್ಲೇ ಖರ್ಚಾಗುತ್ತೆ, ಮೀಥೇನ್ ಇನ್ನಷ್ಟು ಕಾಲ ಉಳಿಯುತ್ತೆ, ಭೂಮಿ ಇನ್ನಷ್ಟು ಬಿಸಿಯಾಗುತ್ತೆ. ಅದಕ್ಕೇ ಒಂದೆರಡು ಪಿಪಿಬಿ ವ್ಯತ್ಯಾಸಕ್ಕೂ ಅಷ್ಟು ಬೆಲೆ.

ಅಳೆಯೋದು ಹೇಗೆ ಅನ್ನೋದು ನನಗೆ ಈ ಕಥೆಯ ಅತ್ಯಂತ ಇಷ್ಟದ ಭಾಗ. ಜರ್ಮನಿಯ ಮೈನ್ಜ್‌ನಲ್ಲಿ ವೋಲ್ಫ್‌ಗಾಂಗ್ ಸೈಲರ್ ಪಳಗಿಸಿದ ವಿಧಾನ ನೋಡಿ. ಗಾಳಿಯನ್ನು ಬಿಸಿ ಮಾಡಿದ ಮರ್ಕ್ಯುರಿಕ್ ಆಕ್ಸೈಡ್ ಮೇಲೆ ಹಾಯಿಸಿದರೆ ಕಾರ್ಬನ್ ಮಾನಾಕ್ಸೈಡಿನ ಒಂದೊಂದು ಅಣುವೂ ಒಂದೊಂದು ಪಾದರಸದ ಪರಮಾಣುವನ್ನು ಬಿಡಿಸುತ್ತೆ. ಪಾದರಸದ ಆವಿ ನೇರಳಾತೀತ ಬೆಳಕನ್ನು ಗಟ್ಟಿಯಾಗಿ ಹೀರುತ್ತೆ, ಎಷ್ಟು ಹೀರಿತು ಅಂತ ನೋಡಿದರೆ ಲೆಕ್ಕ ಸಿಕ್ಕಿತು. ಜಲಜನಕವೂ ಇದೇ ಕೆಲಸ ಮಾಡೋದರಿಂದ ಮೊದಲು ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ ಎರಡನ್ನೂ ಬೇರೆ ಮಾಡಬೇಕು. ಸೈಲರ್ ಮತ್ತು ಕ್ರಿಶ್ಚಿಯನ್ ಯುಂಗ ಅಟ್ಲಾಂಟಿಕ್ ಸಾಗರದ ಮೇಲಿನ ಗಾಳಿಯನ್ನು ಅಳೆದು, ಉತ್ತರಕ್ಕೂ ದಕ್ಷಿಣಕ್ಕೂ ಎಷ್ಟು ಅಂತರ ಇದೆ ಅಂತ 1970ರಲ್ಲಿ ಪ್ರಕಟಿಸಿದರು. ಈಗ ಪಾದರಸದ ಜಾಗಕ್ಕೆ ಬಹುಮಟ್ಟಿಗೆ ಲೇಸರ್, ಫ್ಲೋರೆಸೆನ್ಸ್ ಯಂತ್ರಗಳು ಬಂದಿವೆ.

ಹಡಗು ದಿನಾ ಹೋಗಲ್ಲ. ದ್ವೀಪ, ಧ್ರುವ, ಬೆಟ್ಟಗಳಿಂದ ವಾರಕ್ಕೊಮ್ಮೆ ಗಾಳಿ ಬೇಕು ಅಂದರೆ ಬಾಟಲಿಯೇ ದಾರಿ. ಅಮೆರಿಕದ ನೋವಾ ಸಂಸ್ಥೆ ಇಂಗಾಲದ ಡೈಆಕ್ಸೈಡ್‌ಗೆಂದು ಆಗಲೇ ಬಾಟಲಿ ತರಿಸಿಕೊಳ್ಳುತ್ತಿತ್ತು, 1988ರಿಂದ ಅದೇ ಗಾಳಿಯಲ್ಲಿ ಇದನ್ನೂ ಅಳೆಯತೊಡಗಿತು. ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ, ಬ್ಯಾಟರಿ ಪಂಪು, ಮೇಲೆ ಒಂದು ಕಂಬ. ಎರಡೂವರೆ ಲೀಟರಿನ ಎರಡು ಗಾಜಿನ ಬಾಟಲಿಗಳನ್ನು ಒಂದರ ಹಿಂದೊಂದು ಜೋಡಿಸಿ, ಹಳೆ ಗಾಳಿ ಪೂರ್ತಿ ಹೊರಹೋಗುವಷ್ಟು ಹೊತ್ತು ಹಾಯಿಸಿ, ಆಮೇಲೆ ಮುಚ್ತಾರೆ. ಯಾಕೆ ಎರಡು? ಎರಡರ ಲೆಕ್ಕ ತಾಳೆಯಾಗದಿದ್ದರೆ ಆ ಮಾದರಿಯನ್ನು ನಂಬಲ್ಲ. ನಿಂತವರು ಗಾಳಿ ಬೀಸುವ ದಿಕ್ಕಿಗೆ ಅಡ್ಡ ಬರಬಾರದು. ಬೀಡಿ ಸೇದುವವರ ಉಸಿರಿನಲ್ಲೇ ಈ ಅನಿಲ ಧಾರಾಳವಾಗಿರುತ್ತೆ!

ಈಗ ಜಗಳಕ್ಕೆ ಬರೋಣ. ಅಮೆರಿಕದ ಒರೆಗಾನ್ ಕರಾವಳಿಯ ಕೇಪ್ ಮಿಯರ್ಸ್‌ನ ಗಾಳಿ ಅಳೆದ ಖಲೀಲ್ ಮತ್ತು ರಾಸ್ಮುಸೆನ್, ಕಾರ್ಬನ್ ಮಾನಾಕ್ಸೈಡ್ ಏರುತ್ತಿದೆ ಅಂತ 1984ರಲ್ಲಿ ಹೇಳಿದರು. ಹತ್ತು ವರ್ಷದ ನಂತರ, 1994ರಲ್ಲಿ, ಅದೇ ಇಬ್ಬರು ಇಳಿಯುತ್ತಿದೆ ಅಂತ ಬರೆದರು, ಅದೂ ವರ್ಷಕ್ಕೆ ಶೇ 2.6ರಂತೆ. ಅದೇ ವರ್ಷ ನೋವಾದ ಪಾಲ್ ನೊವೆಲ್ಲಿ ತಂಡವೂ ಇಳಿಕೆಯನ್ನೇ ಕಂಡಿತು. ಹೇಳಿದ್ದನ್ನು ಹಿಂತೆಗೆದುಕೊಂಡರು ಅಂತ ಇದನ್ನು ಓದೋದು ತಪ್ಪು ಅನ್ನೋದು ನನ್ನ ಅಭಿಪ್ರಾಯ. ಅವರು ಬೇರೆ ಬೇರೆ ವರ್ಷಗಳ ಗಾಳಿಯನ್ನು ಅಳೆದಿದ್ದರು.

ಆದರೆ ಇನ್ನೊಂದು ಅನುಮಾನ ಇದ್ದೇ ಇತ್ತು. ಬದಲಾಗ್ತಿರೋದು ಗಾಳಿಯಾ, ಅಳತೆಗೋಲಾ? ಯಂತ್ರವನ್ನು ಸರಿಹೊಂದಿಸಲು ಸಿಲಿಂಡರಿನಲ್ಲಿ ತಿಳಿದ ಪ್ರಮಾಣದ ಮಿಶ್ರಣ ಇಟ್ಟುಕೊಂಡಿರ್ತಾರೆ. ಕಾರ್ಬನ್ ಮಾನಾಕ್ಸೈಡಿನ ಕೆಟ್ಟ ಗುಣ ಏನಂದರೆ, ಸಿಲಿಂಡರಿನೊಳಗೆ ಸುಮ್ಮನೆ ಕೂತಲ್ಲೇ ವರ್ಷಗಳಲ್ಲಿ ಅದು ನಿಧಾನವಾಗಿ ಹೆಚ್ಚಾಗುತ್ತೆ. ಅಂಗಡಿಯ ತೂಕದ ಬಟ್ಟೇ ವರ್ಷವರ್ಷ ಭಾರ ಆಗ್ತಾ ಹೋದರೆ ಅಕ್ಕಿ ಕಡಿಮೆ ಆದ ಹಾಗೆ ಕಾಣಲ್ವಾ? ನೊವೆಲ್ಲಿ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದ ದಾರಿ ತಕ್ಕಡಿಯದ್ದು. ಶುದ್ಧ ಅನಿಲವನ್ನು ತೂಗಿ, ಹಂತಹಂತವಾಗಿ ಗಾಳಿ ಬೆರೆಸಿ, ಪ್ರತಿ ಹಂತದಲ್ಲೂ ಮತ್ತೆ ತೂಗೋದು. ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿ ಹಳೆಯದರ ಜೊತೆ ಹೋಲಿಸೋದು. ಹಳೆಯದು ಜರುಗಿದೆ ಅಂತ ಕಂಡರೆ ಹಿಂದಿನ ವರ್ಷಗಳ ಎಲ್ಲ ಅಂಕಿಗಳನ್ನೂ ತಿದ್ದೋದು. ಹಾಗೆ ಈ ಮಾಪನ ಹಲವು ಸಲ ಪರಿಷ್ಕರಣೆ ಆಗಿದೆ.

ಅಳತೆಗಳು ಶುರುವಾಗುವ ಮೊದಲಿನ ಗಾಳಿ ಗ್ರೀನ್‌ಲೆಂಡಿನ ಗಟ್ಟಿಯಾಗುತ್ತಿರುವ ಹಿಮದ ಪದರಗಳಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಎಳೆದು ಅಳೆದು 2013ರಲ್ಲಿ ಪ್ರಕಟಿಸಿದ ದಾಖಲೆ ಪ್ರಕಾರ ಉತ್ತರದಲ್ಲಿ ಈ ಅನಿಲ 1970ರ ದಶಕದಲ್ಲಿ ತುದಿ ಮುಟ್ಟಿ ಆಮೇಲೆ ಇಳಿದಿದೆ. ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿದ್ದು 1975ರ ಮಾದರಿಗಳಿಂದ. ಇಳಿಕೆಗೆ ಅದನ್ನೇ ದೊಡ್ಡ ಕಾರಣ ಅನ್ನುತ್ತಾರೆ.

ನಮ್ಮ ಕಡೆಗೂ ಈ ಬಾಟಲಿ ಬಂದಿತ್ತು. ಕಾರವಾರದಿಂದ ಕರಾವಳಿ ಹಿಡಿದು ಉತ್ತರಕ್ಕೆ ಹೋದರೆ ದಕ್ಷಿಣ ಗೋವಾದ ಕಾಬೊ ದ ರಾಮ ಸಿಗುತ್ತೆ, ಹಳೇ ಕೋಟೆ ಇರುವ ಭೂಶಿರ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸೇರಿ 1993ರಿಂದ ಅಲ್ಲಿ ಗಾಳಿ ತುಂಬಿಸಿ, ಅಳೆಯಲು ಆಸ್ಟ್ರೇಲಿಯಾಕ್ಕೆ ಕಳಿಸುತ್ತಿದ್ದರು. ಮುಂಗಾರಿನಲ್ಲಿ ಗಾಳಿ ಸಮಭಾಜಕ ದಾಟಿ ದಕ್ಷಿಣ ಗೋಳಾರ್ಧದಿಂದ ಬರುತ್ತೆ, ಆಗ ಕಾರ್ಬನ್ ಮಾನಾಕ್ಸೈಡ್ ಕಡಿಮೆ. ಚಳಿಗಾಲದಲ್ಲಿ ಗಾಳಿ ತಿರುಗಿ ನಮ್ಮ ಉಪಖಂಡದ ಮೇಲಿಂದ ಹಾದು ಬರುತ್ತೆ, ಒಲೆ, ಗಾಡಿ, ಸುಟ್ಟ ಹುಲ್ಲಿನ ಹೊಗೆಯನ್ನೆಲ್ಲ ಹೊತ್ತುಕೊಂಡು, ಆಗ ಲೆಕ್ಕ ಮೇಲೇರುತ್ತೆ. ಒಂದೇ ಬಂಡೆ, ಎರಡು ಗೋಳಾರ್ಧಗಳ ಗಾಳಿ.

2002ರಲ್ಲಿ ಆ ಸರಣಿ ನಿಂತಿತು, ಆಮೇಲೆ ಹಲವು ವರ್ಷ ಅಲ್ಲಿ ಬಾಟಲಿ ತುಂಬಲಿಲ್ಲ. ನಮ್ಮ ನಗರಗಳಲ್ಲಿ ಗಾಡಿಗಳು ಹುಚ್ಚಾಪಟ್ಟೆ ಹೆಚ್ಚಿದ ವರ್ಷಗಳವು. ಆಕಾಶದಿಂದ ಉಪಗ್ರಹ ನೋಡ್ತಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಮಾಪಿಟ್ ಅನ್ನುವ ಉಪಕರಣ 2000ದಿಂದ ನೋಡ್ತಿತ್ತು. ಆದರೆ ಅದು ಸರಿಯಾಗಿ ನೋಡ್ತಿದೆಯಾ ಅಂತ ತಾಳೆ ನೋಡಿದ್ದು ವಿಮಾನಗಳಲ್ಲಿ ತುಂಬಿಸಿ ತಂದ ಬಾಟಲಿಗಳಿಂದಲೇ. ಆ ವರ್ಷಗಳಲ್ಲಿ ಕಾಬೊ ದ ರಾಮದ ಬಂಡೆ ಮೇಲೆ ಬೀಸಿದ ಗಾಳಿಯನ್ನು ಈಗ ಯಾರೂ ಹೋಗಿ ಹಿಡಿದು ತರೋಕೆ ಆಗಲ್ಲ.