ಹಾಣೆಯಲ್ಲಿ ಅಳೆದ ಬದುಕು: ತುಳುನಾಡಿನ ಹಳೆಯ ಮನೆಗಳು ಮತ್ತು ಮೂಲದಾಳುಗಳ ಚರಿತ್ರೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಎಷ್ಟೋ ತುಳು-ಕನ್ನಡಿಗರಿಗೆ ಊರಿನ ಮೂಲಮನೆಯ ನಂಟು ಇನ್ನೂ ಇದೆ. ಜೀರ್ಣೋದ್ಧಾರದ ಮಾತು ಬಂದಾಗ ಚಾವಡಿಯ ಕಂಬ, ಮುಚ್ಚಿಗೆಯ ಕೆತ್ತನೆ, ಭತ್ತದ ಪತ್ತಾಯ ಎಲ್ಲವೂ ನೆನಪಾಗುತ್ತವೆ. ಆ ಪತ್ತಾಯ ತುಂಬಿಸಿದವರಲ್ಲಿ ಬೆಲೆಕೊಟ್ಟು ಕೊಂಡ ಆಳುಗಳೂ ಇದ್ದರು. ಇಂಥ ಮನೆ ವಸ್ತುಸಂಗ್ರಹಾಲಯವಾದಾಗ ಅವರ ಬದುಕನ್ನು ಯಾವ ಆಧಾರದ ಮೇಲೆ ಹೇಳಬೇಕು ಎಂಬುದು ಈ ಲೇಖನದ ಪ್ರಶ್ನೆ.

1801ರಲ್ಲಿ ಮಂಗಳೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ವರದಿಯನ್ನು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಬೇಸಾಯಕ್ಕೆ ದುಡಿಯುವವರಲ್ಲಿ ಕೂಲಿಯಾಳು, ಮೂಲದಾಳು ಎಂಬ ಎರಡು ಬಗೆಯನ್ನು ಆತ ಗುರುತಿಸುತ್ತಾನೆ. ಮೂಲದಾಳು ಎಂದರೆ ಕೊಂಡ ಆಳು. ಅಂಥ ಗಂಡಾಳಿಗೆ ದಿನಕ್ಕೆ ಒಂದೂವರೆ ಹಾಣೆ (ಧಾನ್ಯದ ಅಳತೆ) ಅಕ್ಕಿ. ಅದು ಕೂಲಿಯಾಳಿನ ಪಾಲಿನ ಮುಕ್ಕಾಲು. ಹೆಣ್ಣಾಳಿಗೆ ಒಂದೇ ಹಾಣೆ. ಗಂಡಿಗೆ ಬಟ್ಟೆಯ ಜೊತೆ 2 ರೂಪಾಯಿ ನಗದು, ಹೆಣ್ಣಿಗೆ ಬರಿಯ ಬಟ್ಟೆ. ಒಳ್ಳೆಯ ಆಳಿನ ಬೆಲೆ 10 ವರಹ. ಮೊದಲು ಸ್ವತಂತ್ರಳಾಗಿದ್ದ ಹೆಂಡತಿ, ಎರಡು ಮೂರು ಮಕ್ಕಳು ಜೊತೆಗಿದ್ದರೆ ಬೆಲೆ ಇಮ್ಮಡಿ. ಏಕೆಂದರೆ ಗಂಡ ಸತ್ತರೆ ಅವಳೂ ಮಕ್ಕಳೂ ಅವನ ಒಡೆಯನಿಗೇ ಸೇರುತ್ತಿದ್ದರು. ಆಳನ್ನು ಬಾಡಿಗೆಗೆ ಕೊಡುವುದೂ ಅಡವಿಡುವುದೂ ವಾಡಿಕೆಯಲ್ಲಿತ್ತು.

1843ರ 5ನೇ ಕಾಯ್ದೆ ಗುಲಾಮಗಿರಿಯ ಹಕ್ಕುಗಳಿಗೆ ನ್ಯಾಯಾಲಯದ ಬೆಂಬಲವನ್ನು ತೆಗೆದುಹಾಕಿತೇ ಹೊರತು ಆಳನ್ನಿಟ್ಟುಕೊಳ್ಳುವುದನ್ನು ಅಪರಾಧವೆನ್ನಲಿಲ್ಲ. ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾದದ್ದು 1860ರ ದಂಡಸಂಹಿತೆ 1862ರಲ್ಲಿ ಜಾರಿಗೆ ಬಂದ ಮೇಲೆ. ಕಾನೂನು ಬದಲಾದರೂ ಗದ್ದೆ ಒಡೆಯನದೇ ಆಗಿತ್ತು, ಆಳುಗಳು ಹಟ್ಟಿ ಕಟ್ಟಿದ ನೆಲವೂ ಅವನದೇ.

ವಿಜಯನಾಥ ಶೆಣೈ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಅಳಿಯಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಅದು ಅಸಾಧಾರಣ ಕೆಲಸ. ಆದರೆ ಮರ, ಕಲ್ಲು, ಹೆಂಚನ್ನು ಸಾಗಿಸಬಹುದು. ಬೈಲು ಗದ್ದೆಯನ್ನೂ ಅದರಾಚೆಯ ಹಟ್ಟಿಯನ್ನೂ ಸಾಗಿಸಲಾಗದು. ಅಸ್ಪೃಶ್ಯತೆಯ ಕಾರಣದಿಂದ ಮೂಲದಾಳುಗಳಿಗೆ ಚಾವಡಿ ಹತ್ತುವ ಅವಕಾಶವಿರಲಿಲ್ಲ. ಹೀಗಾಗಿ ಹೊಸ್ತಿಲಿನ ಒಳಗಿನಿಂದ ಆರಂಭವಾಗುವ ವಿವರಣೆಯಲ್ಲಿ ಅವರು ಮೊದಲ ಹೆಜ್ಜೆಗೇ ಹೊರಗುಳಿಯುತ್ತಾರೆ. ಅವರ ಕತೆ ಅಂಗಳದಿಂದ ಶುರುವಾಗಬೇಕು.

ಅದಕ್ಕೆ ಹೊಸ ವಸ್ತು ಬೇಕಿಲ್ಲ. ಪತ್ತಾಯದ ಪಕ್ಕದ ಹಾಣೆಗೆ 'ಧಾನ್ಯದ ಅಳತೆ' ಎಂಬ ಚೀಟಿ ಸಾಲದು. ಕೂಲಿಯಾಳಿಗೆ ಎರಡು, ಮೂಲದಾಳಿಗೆ ಒಂದೂವರೆ, ಅವನ ಹೆಂಡತಿಗೆ ಒಂದು ಎಂದು ಬರೆದರೆ ಅದೇ ಪಾತ್ರೆ ಇಡೀ ವ್ಯವಸ್ಥೆಯನ್ನು ಹೇಳುತ್ತದೆ.

ಇಂಥ ಪ್ರಯತ್ನ ಬೇರೆಡೆ ನಡೆದಿದೆ. ಅಮೆರಿಕದ ಲೂಯಿಸಿಯಾನದಲ್ಲಿ 2014ರಲ್ಲಿ ತೆರೆದ ವಿಟ್ನಿ ತೋಟದ ವಸ್ತುಸಂಗ್ರಹಾಲಯ ಗುಲಾಮರ ಹೆಸರುಗಳನ್ನು ಗೋಡೆಗಳಲ್ಲಿ ಕೆತ್ತಿಸಿದೆ. ಜೆಫರ್ಸನ್ನನ ಮನೆ ಮಾಂಟಿಚೆಲ್ಲೊದಲ್ಲಿ 1993ರಿಂದ ಗುಲಾಮರ ವಂಶಸ್ಥರ ಬಾಯ್ಮಾತಿನ ಚರಿತ್ರೆಯನ್ನು ದಾಖಲಿಸಲಾಗುತ್ತಿದೆ. ಬುಕಾನನ್ ಬೆಲೆ ಬರೆದ, ಹೆಸರು ಬರೆಯಲಿಲ್ಲ. ಹೆಸರನ್ನು ಮನೆತನದ ಕಡತಗಳಲ್ಲಿ, ಅಡವುಪತ್ರಗಳಲ್ಲಿ ಹುಡುಕಬೇಕು. ದುಡಿದವರ ನೆನಪನ್ನು ಪಾಡ್ದನಗಳಲ್ಲಿ, ನೇಜಿ ನೆಡುವ ಹೆಂಗಸರ ಓಬೇಲೆ ಹಾಡುಗಳಲ್ಲಿ ಕೇಳಬೇಕು. ವಸ್ತುಸಂಗ್ರಹಾಲಯದ ವಿವರಣೆಯನ್ನು ಬರೆಯುವಾಗ ಅವರ ವಂಶಸ್ಥರೂ ಜೊತೆಗೆ ಕೂರಬೇಕು.

ಆದ್ದರಿಂದ ಮುಂಬಯಿ ಕಡೆಯ ಮನೆತನದವರಲ್ಲಿ ಒಂದು ವಿನಂತಿ: ಮುಂದಿನ ಬಾರಿ ಊರಿಗೆ ಹೋದಾಗ ಅಟ್ಟದ ಹಳೆಯ ಕಾಗದಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದಿ. ಜಮೀನಿನ ಜೊತೆ ಬರೆದ ಹೆಸರುಗಳು ಅಲ್ಲಿರಬಹುದು.