ಸೀಸೆಯ ಮೇಲಿನ ನಂಬರು

ಅಮೆರಿಕದ ಬಾಸ್ಟನ್ನಿನಲ್ಲಿ ಹೆಂಗಸರು ಮಕ್ಕಳಿಗೆಂದೇ ಒಂದು ಆಸ್ಪತ್ರೆ ಇತ್ತು. 1862ರಲ್ಲಿ ಶುರುವಾದದ್ದು, ನಡೆಸುತ್ತಿದ್ದವರೂ ಹೆಣ್ಣು ಡಾಕ್ಟರುಗಳೇ. ಹೆಸರು ನ್ಯೂ ಇಂಗ್ಲೆಂಡ್ ಆಸ್ಪತ್ರೆ. 1872ರಲ್ಲಿ ಅಲ್ಲೊಂದು ನರ್ಸಿಂಗ್ ಶಾಲೆ ತೆರೆದರು. ಅಲ್ಲಿ ಓದಿ ಮೊದಲು ಹೊರಬಂದವಳು ಲಿಂಡಾ ರಿಚರ್ಡ್ಸ್ ಎಂಬ ಬಿಳಿಯ ಹೆಂಗಸು. ಆಕೆ ಬರೆದಿಟ್ಟ ನೆನಪುಗಳನ್ನು ಓದಿದರೆ ಓದು ಎಲ್ಲಿ ಮುಗಿಯಿತು, ದುಡಿಮೆ ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಐದೂವರೆಗೆ ಏಳಬೇಕು, ರಾತ್ರಿ ಒಂಬತ್ತಕ್ಕೆ ವಾರ್ಡು ಬಿಡಬೇಕು. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಮಲಗುವ ಕೋಣೆ ಇದ್ದದ್ದೇ ವಾರ್ಡುಗಳ ನಡುವೆ. ಒಬ್ಬೊಬ್ಬಳಿಗೆ ಆರಾರು ರೋಗಿಗಳು; ಹಗಲೂ ಅವಳೇ, ರಾತ್ರಿಯೂ ಅವಳೇ. ಒಂದೇ ರಾತ್ರಿ ಒಂಬತ್ತು ಸಲ ಎದ್ದದ್ದುಂಟಂತೆ. ಪಠ್ಯಪುಸ್ತಕ ಇಲ್ಲ. ತಾನು ಕುಡಿಸುವ ಔಷಧದ ಹೆಸರು ನರ್ಸಿಗೆ ತಿಳಿಯಕೂಡದು ಅಂತ ಸೀಸೆಯ ಮೇಲೆ ಬರೀ ನಂಬರು ಹಾಕುತ್ತಿದ್ದರು.

ಈ ನಂಬರಿನ ವಿದ್ಯೆ ನಮಗೇನೂ ಹೊಸದಲ್ಲ. ಕೆಲಸ ನಿನ್ನದು, ಅರಿವು ನನ್ನದು ಅಂತ ನಮ್ಮ ಶಾಸ್ತ್ರಗಳು ಎಂದೋ ಹೇಳಿಬಿಟ್ಟಿದ್ದವು. ಶಂಬೂಕನ ತಲೆ ಹೋದದ್ದು ಇದಕ್ಕೇ ತಾನೆ? ಬಾಸ್ಟನ್ನಿನಲ್ಲಿ ಇನ್ನೊಂದು ಲೆಕ್ಕವೂ ಸೇರಿಕೊಂಡಿತ್ತು. ವಿದ್ಯಾರ್ಥಿನಿ ಅಂದರೆ ಪೂರ್ತಿ ಸಂಬಳ ಕೊಡಬೇಕಿಲ್ಲ, ವಾರಕ್ಕೆ ಕೆಲವೇ ಡಾಲರು ಕೈಗಿಟ್ಟರೆ ಆಯಿತು. ಸೇವೆ, ತ್ಯಾಗ, ತಾಯ್ತನ ಅಂತ ಹೊಗಳಿದ್ದರ ಹಿಂದೆ ಈ ಉಳಿತಾಯವೂ ಕೂತಿದೆ.

ಅದೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಇನ್ನೊಬ್ಬಳಿದ್ದಳು, ಮೇರಿ ಎಲಿಜಾ ಮಹೋನಿ. 1845ರಲ್ಲಿ ಹುಟ್ಟಿದವಳು. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ದಕ್ಷಿಣದಿಂದ ಬಂದ ಕಪ್ಪು ಜನ. ಹೆಚ್ಚುಕಡಿಮೆ 15 ವರ್ಷ ಆಕೆ ಅಲ್ಲಿ ಅಡುಗೆ ಮಾಡಿದಳು, ಬಟ್ಟೆ ಒಗೆದಳು, ನೆಲ ಸಾರಿಸಿದಳು, ಜನ ಸಾಲದಾಗ ರೋಗಿಗಳನ್ನೂ ನೋಡಿಕೊಂಡಳು. 1878ರಲ್ಲಿ, ಮೂವತ್ತು ದಾಟಿದ ಮೇಲೆ, ಶಾಲೆ ಆಕೆಯನ್ನು ಸೇರಿಸಿಕೊಂಡಿತು. ತಂಡಕ್ಕೆ ಒಬ್ಬ ಕಪ್ಪು ಹೆಣ್ಣು, ಒಬ್ಬ ಯಹೂದಿ ಹೆಣ್ಣು, ಇಷ್ಟೇ ಅಂತ ಕಟ್ಟಳೆ ಇತ್ತೆನ್ನುತ್ತಾರೆ. 16 ತಿಂಗಳ ತರಬೇತಿ, ದಿನಕ್ಕೆ 16 ಗಂಟೆ, ವಾರಕ್ಕೆ ಏಳೂ ದಿನ. ಬಂದ ಸುಮಾರು 40 ಜನರಲ್ಲಿ ಕೊನೆ ಮುಟ್ಟಿದವರನ್ನು ಎಣಿಸಲಿಕ್ಕೆ ಒಂದು ಕೈಬೆರಳು ಸಾಕು. 1879ರಲ್ಲಿ ಮಹೋನಿ ಮುಟ್ಟಿದಳು. ಅಮೆರಿಕದಲ್ಲಿ ತರಬೇತಿ ಮುಗಿಸಿದ ಮೊದಲ ಕಪ್ಪು ನರ್ಸು ಆಕೆಯೇ.

ಆಕೆಯ ಹಠ ದೊಡ್ಡದು ಅಂತ ಹೇಳಿ ಮುಗಿಸುವುದು ಸುಲಭ. ಹಠ ಇತ್ತು, ಒಪ್ಪೋಣ. ಆದರೆ 15 ವರ್ಷ ಅದೇ ಮೆಟ್ಟಿಲು ಹತ್ತಿ ಇಳಿದವಳಿಗೆ 16 ಗಂಟೆಯ ದಿನ ಏನು ಹೊಸದು? ಅಷ್ಟು ವರ್ಷ ಕೈ ಕಲಿತದ್ದನ್ನು ಶಾಲೆ ಕಲಿಕೆ ಅಂತ ಎಣಿಸಲಿಲ್ಲ. ಎಲ್ಲರ ಜೊತೆ ಒಂದನೇ ದಿನದಿಂದಲೇ ಶುರು.

ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುವ ಆಯಾಗಳನ್ನು ಕೇಳಿ ನೋಡಿ. ಎಷ್ಟೋ ಜನ ನಮ್ಮ ಕೇರಿಗಳವರೇ. ಯಾವ ರೋಗಿಗೆ ಉಸಿರು ಕಟ್ಟುತ್ತಿದೆ ಅಂತ ಎಷ್ಟೋ ಸಲ ಮೊದಲು ಕಾಣುವುದು ಅವರ ಕಣ್ಣಿಗೆ. ಪಿ.ಯು.ಸಿ. ಇಲ್ಲದೆ ನರ್ಸಿಂಗ್ ಶಾಲೆಯ ಬಾಗಿಲು ತೆರೆಯದು. ಹಗಲು ಓದಿ ರಾತ್ರಿ ದುಡಿ ಅನ್ನುವುದು ಸುಲಭ, ಮಲಗುವುದು ಯಾವಾಗ?

ಇನ್ನು ಸರ್ಟಿಫಿಕೇಟು ಬಂದ ಮೇಲಿನ ಕಥೆ. ಮಹೋನಿ ವರ್ಷಗಟ್ಟಲೆ ಸಾಹುಕಾರರ ಮನೆಗಳಲ್ಲೇ ರೋಗಿಗಳನ್ನು ನೋಡಬೇಕಾಯಿತು. ಅಲ್ಲಿ ನರ್ಸನ್ನು ಆಳಿನ ಹಾಗೆ ಕಾಣುತ್ತಿದ್ದರು. 1908ರಲ್ಲಿ ಕಪ್ಪು ನರ್ಸುಗಳು ನ್ಯೂಯಾರ್ಕಿನಲ್ಲಿ ಸೇರಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿದರು. ಮುಂದಿನ ವರ್ಷ ಬಾಸ್ಟನ್ನಿನ ಸಮಾವೇಶದಲ್ಲಿ ಸ್ವಾಗತ ಭಾಷಣ ಮಾಡಿದವಳು ಮಹೋನಿ. ಆಕೆ 1926ರಲ್ಲಿ ತೀರಿಕೊಂಡಳು. ಆ ಸಂಘ ಬಿಳಿಯರ ಸಂಘದ ಬಾಗಿಲು ತೆರೆಸಿ ತನ್ನ ಬಾಗಿಲು ಮುಚ್ಚಿದ್ದು 1951ರಲ್ಲಿ.