ಬೆಕ್ಕುಗಳ ಮೂಗಿನ ಶಿಲೀಂಧ್ರ ಸೋಂಕು: ಇತಿಹಾಸ

ಬೆಕ್ಕುಗಳ ಮೂಗು ಮತ್ತು ಸೈನಸ್‌ಗಳಲ್ಲಿ ನೆಲೆಯೂರುವ ಶಿಲೀಂಧ್ರ ರೋಗಗಳಲ್ಲಿ ಕ್ರಿಪ್ಟೊಕಾಕೋಸಿಸ್ ಮತ್ತು ಆಸ್ಪರ್ಜಿಲ್ಲೋಸಿಸ್ ಮುಖ್ಯವಾದವು. ಎರಡನ್ನೂ ತರುವ ಶಿಲೀಂಧ್ರಗಳು ಪರಿಸರದಿಂದ ಉಸಿರಿನೊಡನೆ ಒಳಸೇರುತ್ತವೆ.

ಮೊದಲನೆಯದನ್ನು ತರುವ ಕ್ರಿಪ್ಟೊಕಾಕಸ್ ಯೀಸ್ಟ್‌ನ ಚರಿತ್ರೆ ಬಹುಮಟ್ಟಿಗೆ ಇತ್ಯರ್ಥವಾದದ್ದು. 1894ರಲ್ಲಿ ಇಟಲಿಯ ಸಾನ್ಫೆಲಿಚೆ ಪೀಚ್ ಹಣ್ಣಿನ ರಸದಲ್ಲಿ ಈ ಯೀಸ್ಟನ್ನು ಗುರುತಿಸಿದರು. 1955ರಲ್ಲಿ ಅಮೆರಿಕದ ಎಮನ್ಸ್ ಪಾರಿವಾಳದ ಹಿಕ್ಕೆಯಲ್ಲೂ, 1990ರಲ್ಲಿ ಆಸ್ಟ್ರೇಲಿಯಾದ ಎಲ್ಲಿಸ್ ಮತ್ತು ಫೈಫರ್ ನೀಲಗಿರಿ ಜಾತಿಯ ಮರದಲ್ಲೂ ಕ್ರಿಪ್ಟೊಕಾಕಸ್‌ನ ನೆಲೆ ಕಂಡರು. 1992ರಲ್ಲಿ ಸಿಡ್ನಿಯ ರಿಚರ್ಡ್ ಮಲಿಕ್ ತಂಡ 29 ಬೆಕ್ಕುಗಳ ವಿವರ ಪ್ರಕಟಿಸಿ, ಬಾಯಿಯ ಮೂಲಕ ಕೊಡುವ ಫ್ಲುಕೊನಜೋಲ್ ಚಿಕಿತ್ಸೆಯನ್ನು ಪರೀಕ್ಷಿಸಿತು. 1999ರಿಂದ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಜನರ ಜೊತೆಗೆ ಬೆಕ್ಕು, ನಾಯಿಗಳೂ ಈ ರೋಗಕ್ಕೆ ಒಳಗಾದವು.

ಆಸ್ಪರ್ಜಿಲ್ಲೋಸಿಸ್‌ನ ದಾಖಲೆ ಇಷ್ಟು ಸ್ಪಷ್ಟವಲ್ಲ. ಹಳೆಯ ವರದಿಗಳಲ್ಲಿ ಬರುವುದು ಹೆಚ್ಚಾಗಿ ಪ್ಯಾನ್‌ಲ್ಯೂಕೋಪೀನಿಯದಂಥ ರೋಗಗಳಿಂದ ಮೊದಲೇ ಬಳಲಿದ ಬೆಕ್ಕುಗಳ ಶ್ವಾಸಕೋಶ ಮತ್ತು ಕರುಳಿನ ಸೋಂಕು. ಸೋಂಕನ್ನು ‘ಅವಕಾಶವಾದಿ’ (ದೇಹ ದುರ್ಬಲವಾದಾಗ ನುಗ್ಗುವಂಥದ್ದು) ಎಂದು ವರ್ಗೀಕರಿಸಲು ಇಂಥ ಪ್ರಕರಣಗಳು ಬಲವಾದ ಆಧಾರ. ಮೂಗಿನ ರೋಗಕ್ಕೆ ಅದೇ ಹಣೆಪಟ್ಟಿ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸೈನಸ್ಸಿನಿಂದ ಕಣ್ಣುಗೂಡಿಗೆ ಹಬ್ಬಿದ ಸೋಂಕಿನ ಮೊದಲ ದಾಖಲೆಗಳಲ್ಲೊಂದನ್ನು ವಿಲ್ಕಿನ್ಸನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಆನಂತರದ ಇಂಥ ಪ್ರಕರಣಗಳಲ್ಲಿ ಹೆಚ್ಚಿನ ಬೆಕ್ಕುಗಳು ಬೇರೆ ರೀತಿಯಲ್ಲಿ ಆರೋಗ್ಯವಾಗಿಯೇ ಇದ್ದವು. ನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ, ಎಫ್‌ಇಎಲ್‌ವಿ ವೈರಸ್‌ಗಳು ಅವುಗಳಲ್ಲಿ ಸಾಮಾನ್ಯವಾಗಿ ಪತ್ತೆಯಾಗಲಿಲ್ಲ. ಪರ್ಷಿಯನ್, ಹಿಮಾಲಯನ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ರೋಗ ಹೆಚ್ಚು. ಹಾಗಾಗಿ ‘ಅವಕಾಶ’ವನ್ನು ಇಡೀ ದೇಹದ ದುರ್ಬಲತೆಗಿಂತ ಮೂಗಿನ ರಚನೆಯಲ್ಲಿ ಹುಡುಕುವುದು ಹೆಚ್ಚು ಸಮಂಜಸ. ಆದರೂ ಈ ತಳಿಯೊಲವಿನ ನಿಜವಾದ ಕಾರಣ ಇತ್ಯರ್ಥವಾಗಿಲ್ಲ.

ಎರಡನೆಯ ಗೊಂದಲ ಶಿಲೀಂಧ್ರದ ಗುರುತಿನದು. ಬೆಳೆಸಿದ ಬೂಷ್ಟಿನ ಬಣ್ಣ ಮತ್ತು ಬೀಜಕಗಳ ಆಕಾರ ನೋಡಿ ಅದನ್ನು ಆಸ್ಪರ್ಜಿಲ್ಲಸ್ ಫ್ಯುಮಿಗೇಟಸ್ ಎಂದು ಹೆಸರಿಸುವುದು ವಾಡಿಕೆಯಾಗಿತ್ತು. 2012ರಲ್ಲಿ ವನೆಸ್ಸಾ ಬಾರ್ಸ್ ಮತ್ತು ಸಹೋದ್ಯೋಗಿಗಳು 23 ಬೆಕ್ಕುಗಳ ಅಧ್ಯಯನದಲ್ಲಿ ಡಿಎನ್‌ಎ ಅನುಕ್ರಮವನ್ನೂ ಪರಿಶೀಲಿಸಿದರು. ಆಗ ಒಂದೇ ಎಂದುಕೊಂಡಿದ್ದ ರೋಗ ಎರಡಾಗಿ ಬೇರ್ಪಟ್ಟಿತು. ಮೂಗು, ಸೈನಸ್‌ಗಳಿಗೆ ಸೀಮಿತವಾದ ಸೋಂಕಿನಲ್ಲಿ ಸಾಮಾನ್ಯವಾಗಿ ಕಂಡದ್ದು ಫ್ಯುಮಿಗೇಟಸ್. ಕಣ್ಣುಗೂಡಿಗೆ ನುಗ್ಗಿ, ಕಣ್ಣುಗುಡ್ಡೆಯನ್ನು ಹೊರದೂಡಿ, ಕೆಲವೊಮ್ಮೆ ಬಾಯಿಯೊಳಗೂ ಗಡ್ಡೆಯಾಗಿ ತೋರುವ ಸೋಂಕಿನಲ್ಲಿ ಕಂಡವು ಅದರ ಹತ್ತಿರದ ಸಂಬಂಧಿ ಪ್ರಭೇದಗಳು. ಅವುಗಳಲ್ಲೊಂದಕ್ಕೆ 2013ರಲ್ಲಿ ಆಸ್ಪರ್ಜಿಲ್ಲಸ್ ಫೆಲಿಸ್ ಎಂಬ ಹೆಸರು ಬಂತು. ಅದೇ ಪ್ರಭೇದ ಮನುಷ್ಯರಿಗೂ ನಾಯಿಗೂ ಸೋಂಕು ತಂದಿರುವುದನ್ನು ಹೆಸರು ಕೊಟ್ಟ ಪ್ರಬಂಧವೇ ದಾಖಲಿಸಿತು.

ಈ ವಿಂಗಡಣೆ ಚಿಕಿತ್ಸೆಗೂ ಸಂಬಂಧಿಸಿದ್ದು. ಎರಡನ್ನು ಬೇರ್ಪಡಿಸಲು ಉಷ್ಣತೆ ಒಂದು ಸುಳಿವು: ಫೆಲಿಸ್ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯುತ್ತದೆ, 50ರಲ್ಲಿ ಬೆಳೆಯುವುದಿಲ್ಲ. ಫ್ಯುಮಿಗೇಟಸ್ 50ರಲ್ಲೂ ಬೆಳೆಯುತ್ತದೆ. ಆದರೆ ನಿಖರ ಗುರುತಿಗೆ ಬೀಟಾ-ಟ್ಯೂಬುಲಿನ್ ಅಥವಾ ಕ್ಯಾಲ್ಮೊಡ್ಯುಲಿನ್ ಜೀನ್‌ಗಳ ಪರೀಕ್ಷೆ ಬೇಕು. ಫೆಲಿಸ್‌ನ ಹಲವು ಮಾದರಿಗಳು ಅಜೋಲ್ ವರ್ಗದ ಶಿಲೀಂಧ್ರನಾಶಕ ಔಷಧಗಳಿಗೆ ಅಷ್ಟಾಗಿ ಮಣಿಯುವುದಿಲ್ಲ. ಮೂಗಿಗೆ ಸೀಮಿತವಾದ ಸೋಂಕು ಸ್ಥಳೀಯವಾಗಿ ಹಾಯಿಸುವ ಕ್ಲೋಟ್ರಿಮಜೋಲ್‌ಗೆ ಬಗ್ಗಬಹುದು. ಕಣ್ಣುಗೂಡು ಹೊಕ್ಕ ಸೋಂಕಿನಲ್ಲಿ ಪೊಸಕೊನಜೋಲ್, ಆಂಫೊಟೆರಿಸಿನ್ ಬಳಸಿದರೂ ಬದುಕುಳಿಯುವ ಬೆಕ್ಕುಗಳು ಕಡಿಮೆ. ಡಿಎನ್‌ಎ ಪರೀಕ್ಷೆಗೆ ಮುನ್ನ ಪ್ರಕಟವಾದ ವರದಿಗಳಲ್ಲಿನ ‘ಫ್ಯುಮಿಗೇಟಸ್’ ಎಂಬ ಹೆಸರನ್ನು, ಮಾದರಿಯನ್ನು ಕಾಪಿಟ್ಟಿದ್ದರೆ ಮಾತ್ರ ಮತ್ತೆ ಪರಿಶೀಲಿಸಲು ಸಾಧ್ಯ.